ಸ್ಪೀಡ್‌ವೇ ಪಂದ್ಯದ ಅಂಕಪಟ್ಟಿ ಬರೆಯುವುದು, ರೆಫರಿ ತೀರ್ಪು ಅರ್ಥ ಮಾಡಿಕೊಳ್ಳುವುದು ಹೇಗೆ?

ಸ್ಪೀಡ್‌ವೇ ಎಂದರೆ ಅಂಡಾಕಾರದ ಮಣ್ಣಿನ ದಾರಿಯಲ್ಲಿ ನಡೆಯುವ ಬೈಕ್ ಓಟ. ಯುರೋಪಿನ ಸ್ಪೀಡ್‌ವೇ ಅಭಿಮಾನಿಗಳ ಜಗಳಗಳಲ್ಲಿ ಬಹುಪಾಲು ಒಂದೇ ತಪ್ಪಿನಿಂದ ಹುಟ್ಟುತ್ತವೆ. ಬ್ರಿಟಿಷ್ ಲೀಗಿನ ನಿಯಮ ತಲೆಯಲ್ಲಿಟ್ಟುಕೊಂಡು ಪೋಲೆಂಡಿನ ಪಂದ್ಯ ನೋಡುತ್ತಾರೆ, ಪೋಲೆಂಡಿನ ನಿಯಮ ಹಿಡಿದು ಗ್ರ್ಯಾನ್ ಪ್ರಿ, ಅಂದರೆ ವಿಶ್ವ ಚಾಂಪಿಯನ್‌ಷಿಪ್ ಸರಣಿಯ, ರೆಫರಿಯನ್ನು ಬೈಯುತ್ತಾರೆ. ಪಂದ್ಯ ಶುರುವಾಗುವ ಮುಂಚೆಯೇ ಅಂಕಪಟ್ಟಿಯ ಮೇಲ್ಭಾಗದಲ್ಲಿ ಬರೆದಿಟ್ಟುಕೊಳ್ಳಿ: ಇದು ಯಾರ ನಿಯಮದ ಪಂದ್ಯ? ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಂನದೇ, ಬ್ರಿಟನ್ನಿನದೇ, ಪೋಲೆಂಡಿನದೇ? ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಆಟದ ಮೂಲ ಎಲ್ಲ ಕಡೆ ಒಂದೇ. 500 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಮೆಥನಾಲ್ ಇಂಧನ, ಬೈಕಿನ ತೂಕ ಕನಿಷ್ಠ 77 ಕೆಜಿ. ಗೇರ್ ಒಂದೇ, ಬ್ರೇಕ್ ಇಲ್ಲವೇ ಇಲ್ಲ. ಒಂದು ಹೀಟ್‌ಗೆ, ಅಂದರೆ ಒಂದು ಓಟಕ್ಕೆ, ನಾಲ್ವರು, ಎಡಕ್ಕೆ ತಿರುಗುತ್ತ ನಾಲ್ಕು ಸುತ್ತು. ಬ್ರೇಕ್ ಇಲ್ಲ ಎನ್ನುವುದನ್ನು ಮರೆಯಬೇಡಿ. ತೀರ್ಪಿನ ಚರ್ಚೆ ಬಂದಾಗ ಅದು ಬೇಕಾಗುತ್ತದೆ.

ಅಂಕಪಟ್ಟಿ

ಪ್ರತಿ ಹೀಟ್‌ಗೆ ನಾಲ್ಕು ಸಾಲು ಹಾಕಿ: ಹೆಲ್ಮೆಟ್ ಬಣ್ಣ, ರೈಡರ್ ಹೆಸರು, ಸ್ಥಾನ, ಅಂಕ. ಲೀಗ್ ಪಂದ್ಯದಲ್ಲಿ ಕೆಂಪು ಮತ್ತು ನೀಲಿ ಆತಿಥೇಯರದು, ಬಿಳಿ ಮತ್ತು ಹಳದಿ ಎದುರಾಳಿಗಳದು. ಅಂಕ 3, 2, 1, 0. ಹಾಗಾಗಿ ಒಂದು ಹೀಟ್‌ನ ಫಲ 5-1, 4-2, 3-3 ಇವುಗಳಲ್ಲೊಂದು. ಮೂವರು ಮುಗಿಸಿದರೂ ಮೊತ್ತ 6 ಬರಬೇಕು, ಇಬ್ಬರೇ ಮುಗಿಸಿದರೆ 5. ಈ ಲೆಕ್ಕ ಪ್ರತಿ ಹೀಟ್ ಮುಗಿದ ಕೂಡಲೇ ನೋಡಿಕೊಳ್ಳಿ, ಮೂರು ಹೀಟ್ ಕಳೆದ ಮೇಲೆ ತಪ್ಪು ಹುಡುಕಲು ಕೂತರೆ ಸಿಗುವುದಿಲ್ಲ. 15 ಹೀಟ್‌ಗಳ ಲೀಗ್ ಪಂದ್ಯದ ಪೂರ್ಣ ಮೊತ್ತ 90. ಅಂದರೆ 46 ತಲುಪಿದ ತಂಡ ಗೆದ್ದ ಹಾಗೆಯೇ.

ಬೋನಸ್ ಅಂಕದಲ್ಲಿ ಹೊಸಬರು ಎಡವುತ್ತಾರೆ. ತನ್ನದೇ ತಂಡದವನ ಬೆನ್ನಿಗೆ, ಎದುರಾಳಿಯೊಬ್ಬನನ್ನಾದರೂ ಹಿಂದೆ ಹಾಕಿ ಮುಗಿಸಿದ ರೈಡರ್‌ಗೆ ಒಂದು ಬೋನಸ್. 5-1ರಲ್ಲಿ ಎರಡನೆಯವನದು 2+1. ಜೋಡಿ ಎರಡನೇ ಮತ್ತು ಮೂರನೇ ಸ್ಥಾನ ಹಿಡಿದರೆ ಮೂರನೆಯವನದು 1+1. ಮೊದಲ ಮತ್ತು ಮೂರನೇ ಸ್ಥಾನ ಬಂದರೆ ಬೋನಸ್ ಇಲ್ಲ, ಏಕೆಂದರೆ ನಡುವೆ ಎದುರಾಳಿ ಇದ್ದಾನೆ. ಈ ಅಂಕ ತಂಡದ ಮೊತ್ತಕ್ಕೆ ಸೇರುವುದಿಲ್ಲ, ರೈಡರ್‌ನ ಸರಾಸರಿಗೆ ಮಾತ್ರ. ಪೋಲೆಂಡಿನ ಪಟ್ಟಿಯಲ್ಲಿ ಇದನ್ನು ಅಂಕದ ಪಕ್ಕ ನಕ್ಷತ್ರ ಚಿಹ್ನೆ ಹಾಕಿ ತೋರಿಸುತ್ತಾರೆ.

ಅಂಕ ಬರದವರ ಸಾಲನ್ನು ಖಾಲಿ ಬಿಡಬೇಡಿ, ಕಾರಣ ಬರೆಯಿರಿ. ಬ್ರಿಟನ್ನಿನಲ್ಲಿ ‘ಎಕ್ಸ್’ ಎಂದರೆ ಹೊರಗಿಟ್ಟದ್ದು, ‘ಎಫ್’ ಬಿದ್ದದ್ದು, ‘ಟಿ’ ಟೇಪ್ (ಸ್ಟಾರ್ಟ್ ಗೇಟಿಗೆ ಅಡ್ಡ ಕಟ್ಟಿದ ಪಟ್ಟಿ) ಮುಟ್ಟಿದ್ದು, ‘ಎಂ’ ಗೇಟಿಗೆ ಬರಲು ಕೊಟ್ಟ ಎರಡು ನಿಮಿಷ ಮೀರಿದ್ದು. ಪೋಲೆಂಡಿನಲ್ಲಿ ಹೊರಗಿಟ್ಟದ್ದಕ್ಕೆ ‘ಡಬ್ಲ್ಯು’, ಬೈಕ್ ಕೈಕೊಟ್ಟರೆ ‘ಡಿ’, ಬಿದ್ದರೆ ‘ಯು’, ಟೇಪ್‌ಗೆ ಅಲ್ಲಿಯೂ ‘ಟಿ’. ಸೊನ್ನೆ ಬೇರೆ, ‘ಡಿ’ ಬೇರೆ. ಒಬ್ಬ ರೈಡರ್ ನಾಲ್ಕು ಹೀಟ್‌ಗಳಲ್ಲಿ ಎರಡು ‘ಡಿ’ ಪಡೆದಿದ್ದರೆ ಅವನ ಸಮಸ್ಯೆ ಇರುವುದು ಎಂಜಿನ್ನಿನಲ್ಲಿ. ಸವಾರಿಯನ್ನು ದೂರಿ ಪ್ರಯೋಜನವಿಲ್ಲ.

ಸ್ಟಾರ್ಟ್

ಎರಡು ನಿಮಿಷದ ಗಡಿಯಾರ ಓಡತೊಡಗಿದ ಮೇಲೆ ರೈಡರ್‌ಗಳು ಗೇಟ್ ಹತ್ತಿರ ಬಂದು ಬೂಟಿನಿಂದ ಮಣ್ಣು ಕೆದರುವುದನ್ನು ಗಮನಿಸಿ. ಹಿಂದಿನ ಚಕ್ರ ಕೂರುವ ಜಾಗದಲ್ಲಿ ಸಡಿಲ ಮಣ್ಣು ಸರಿಸಿ ಗಟ್ಟಿ ನೆಲ ಹುಡುಕುತ್ತಾರೆ. ನಂತರ ಕ್ಲಚ್ ಹಿಡಿದು, ಎಂಜಿನ್ ಕೂಗಿಸುತ್ತ, ಮೈಯನ್ನು ಹ್ಯಾಂಡಲ್ ಮೇಲೆ ಬಾಗಿಸಿ ಟೇಪ್ ಏಳುವುದನ್ನೇ ಕಾಯುತ್ತಾರೆ. ನೀವು ಆಗ ಹೆಲ್ಮೆಟ್ ನೋಡಬೇಡಿ, ಮುಂದಿನ ಚಕ್ರ ನೋಡಿ. ಚಕ್ರ ಒಂದು ಗೇಣು ಸರಿದರೂ ರೆಫರಿ ಹೀಟ್ ನಿಲ್ಲಿಸಿ ಎಚ್ಚರಿಕೆ ಕೊಡಬಹುದು. ಅದೇ ಪಂದ್ಯದಲ್ಲಿ ಎರಡನೇ ಎಚ್ಚರಿಕೆ ಬಂದರೆ ಹೊರಗೆ.

ಟೇಪ್ ಮುಟ್ಟಿದರೆ ಏನಾಗುತ್ತದೆ ಎನ್ನುವುದು ಊರಿಂದೂರಿಗೆ ಬದಲಾಗುತ್ತದೆ. ಗ್ರ್ಯಾನ್ ಪ್ರಿಯಲ್ಲಿ ಆ ರೈಡರ್ ಹೀಟ್‌ನಿಂದ ಹೊರಗೆ, ಅವನ ಜಾಗಕ್ಕೆ ಮೀಸಲು ರೈಡರ್ ಬರುತ್ತಾನೆ. ಬ್ರಿಟಿಷ್ ಲೀಗಿನಲ್ಲಿ ತಂಡಕ್ಕೆ ಆಯ್ಕೆಯಿದೆ: ಮೀಸಲಿನವನನ್ನು ಇಳಿಸಬಹುದು, ಅಥವಾ ಅದೇ ರೈಡರ್ 15 ಮೀಟರ್ ಹಿಂದಿನಿಂದ ಹೊರಡಬಹುದು. ಬ್ರಿಟನ್ನಿನ ಪಂದ್ಯ ನೋಡಿ ಬಂದವರು ಗ್ರ್ಯಾನ್ ಪ್ರಿಯಲ್ಲಿ ‘15 ಮೀಟರ್ ಯಾಕೆ ಕೊಡಲಿಲ್ಲ’ ಎಂದು ಕೇಳುವುದು ಇದರಿಂದಲೇ.

ಹೀಟ್ ನಿಂತಾಗ ಯಾರು ಹೊರಗೆ?

ಅತಿ ಹೆಚ್ಚು ಜಗಳ ಇಲ್ಲಿ. ಯಾರೋ ಬಿದ್ದು ದಾರಿಯಲ್ಲಿ ಉಳಿದರೆ ಕೆಂಪು ದೀಪ ಹತ್ತುತ್ತದೆ. ಹೀಟ್ ನಿಲ್ಲಲು ಮುಖ್ಯ ಕಾರಣನಾದವನನ್ನು ರೆಫರಿ ಹೊರಗಿಡುತ್ತಾರೆ, ಅವನ ಹೆಲ್ಮೆಟ್ ಬಣ್ಣದ ದೀಪ ಬೆಳಗುತ್ತದೆ, ಉಳಿದವರು ಮರುಓಟಕ್ಕೆ ಬರುತ್ತಾರೆ. ಗಮನಿಸಿ, ನಿಯಮ ಕೇಳುವುದು ‘ಮುಖ್ಯ ಕಾರಣ’ ಯಾರು ಎಂದು. ಯಾರು ಕೆಟ್ಟವರು, ಯಾರಿಗೆ ಪೆಟ್ಟಾಯಿತು ಎನ್ನುವುದು ಪ್ರಶ್ನೆಯಲ್ಲ. ಯಾರೂ ಮುಟ್ಟದೆ ತಾನಾಗಿ ಜಾರಿ ಬಿದ್ದವನು, ಎಷ್ಟೇ ಪಾಪ ಅನ್ನಿಸಿದರೂ, ಹೊರಗೆ. ಹಾಗಿಲ್ಲದಿದ್ದರೆ ನಾಲ್ಕನೇ ಸ್ಥಾನದಲ್ಲಿ ಇರುವವನು ಬಿದ್ದು ಇನ್ನೊಂದು ಸ್ಟಾರ್ಟ್ ಗಿಟ್ಟಿಸಿಕೊಳ್ಳಬಹುದಿತ್ತು.

ಮರುಪ್ರಸಾರ ನೋಡುವಾಗ ಈ ಕ್ರಮ ಅನುಸರಿಸಿ. ಮೊದಲು, ತಿರುವಿಗೆ ನುಗ್ಗುವ ಕ್ಷಣದಲ್ಲಿ ಯಾರ ಮುಂದಿನ ಚಕ್ರ ಮುಂದಿತ್ತು ನೋಡಿ. ದಾರಿ ಆರಿಸುವ ಹಕ್ಕು ಹೆಚ್ಚಾಗಿ ಮುಂದಿರುವವನದು. ಆಮೇಲೆ, ಒಳಗಿನಿಂದ ಹೊರಕ್ಕೆ ಸರಿದವನು ಬೇಲಿಯ ಕಡೆಯವನಿಗೆ ಒಂದು ಬೈಕಿನಷ್ಟಾದರೂ ಜಾಗ ಉಳಿಸಿದನೇ? ಉಳಿಸದಿದ್ದರೆ ಅವನು ಸಿಕ್ಕಿಬಿದ್ದ ಹಾಗೆಯೇ. ಹಿಂದಿನಿಂದ ಒಳಕ್ಕೆ ತೂರಿದವನು ಎದುರಾಳಿಯ ಹಿಂದಿನ ಚಕ್ರಕ್ಕೆ ತಾಗಿಸಿದ್ದರೆ ತಪ್ಪು ಅವನದು. ಇಲ್ಲಿಯೇ ಬ್ರೇಕಿನ ಮಾತು. ತಡವಾಗಿ ತೂರಿದವನಿಗೆ ನಿಲ್ಲಿಸಿಕೊಳ್ಳಲು ಸಾಧನವಿಲ್ಲ, ಹಾಗಾಗಿ ತೂರುವ ನಿರ್ಧಾರದ ಹೊಣೆ ಪೂರ್ತಿ ಅವನ ಮೇಲೆಯೇ ಬೀಳುತ್ತದೆ.

ಮೊದಲ ತಿರುವು ಮಾತ್ರ ವಿಶೇಷ. ಒಳಬದಿಯ ಒಂದನೇ ಗೇಟಿನವನು ಹೊರಕ್ಕೆ ತೇಲಿ ಬರುತ್ತಾನೆ, ಹೊರಬದಿಯ ನಾಲ್ಕನೆಯವನು ಒಳಕ್ಕೆ ಬಾಗುತ್ತಾನೆ, ನಡುವಿನ ಇಬ್ಬರಿಗೆ ಹೋಗಲು ಜಾಗವೇ ಇಲ್ಲ. ಇಂಥ ಗುಂಪುಗೂಡುವಿಕೆಯಲ್ಲಿ ಒಬ್ಬನ ಮೇಲೆ ಹೊಣೆ ಹೊರಿಸಲಾಗದಿದ್ದರೆ ರೆಫರಿ ನಾಲ್ವರನ್ನೂ ವಾಪಸ್ ಕರೆಯಬಹುದು. ಇದನ್ನು ಹಲವರು ರೆಫರಿಯ ಪುಕ್ಕಲುತನ ಎನ್ನುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ತಿರುವಿಗೆ ಇದಕ್ಕಿಂತ ನ್ಯಾಯವಾದ ದಾರಿ ಇಲ್ಲ. ಆದರೆ ಎರಡನೇ, ಮೂರನೇ ಸುತ್ತಿನ ಬೀಳುವಿಕೆಗೆ ಇದೇ ಕೇಳುವುದು ಸಲ್ಲದು, ಅಲ್ಲಿ ಕಾರಣ ಕಾಣುತ್ತದೆ.

ಎರಡೂ ಚಕ್ರ ಒಳಗೆರೆ ದಾಟಿದರೆ ಹೊರಗೆ. ಒಂದೇ ಚಕ್ರ ದಾಟಿದರೆ ಇಲ್ಲ. ಕೊನೆಯ ಸುತ್ತಿನಲ್ಲಿ ಹೀಟ್ ನಿಂತರೆ ಮರುಓಟವಿಲ್ಲದೆ, ನಿಂತಾಗಿದ್ದ ಕ್ರಮದಲ್ಲೇ ಫಲ ಘೋಷಿಸಲು ರೆಫರಿಗೆ ಅಧಿಕಾರವಿದೆ.

ಯಾರು ಆಡಬಹುದು?

ಬ್ರಿಟನ್ನಿನಲ್ಲಿ ಎಲ್ಲವೂ ಸರಾಸರಿಯ ಮೇಲೆ. ಲೆಕ್ಕ ಹೀಗೆ: ಬೋನಸ್ ಸೇರಿಸಿದ ಒಟ್ಟು ಅಂಕವನ್ನು ಓಡಿದ ಹೀಟ್‌ಗಳಿಂದ ಭಾಗಿಸಿ, 4ರಿಂದ ಗುಣಿಸಿ. 28 ಹೀಟ್‌ಗಳಲ್ಲಿ 54 ಅಂಕ ಬಂದಿದ್ದರೆ ಸರಾಸರಿ 7.71. ಪೋಲೆಂಡಿನಲ್ಲಿ 4ರಿಂದ ಗುಣಿಸುವುದಿಲ್ಲ, ಅದೇ ರೈಡರ್‌ನ ಸರಾಸರಿ ಅಲ್ಲಿ 1.929. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ಮೋಸಹೋಗಬೇಡಿ. ಬ್ರಿಟಿಷ್ ತಂಡ ಕಟ್ಟುವಾಗ ರೈಡರ್‌ಗಳ ಸರಾಸರಿಗಳ ಮೊತ್ತ ಆ ವರ್ಷದ ಮಿತಿಯೊಳಗೆ ಇರಬೇಕು. ಮಿತಿ ವರ್ಷವರ್ಷವೂ ಬದಲಾಗುವುದರಿಂದ ಹಳೆಯ ಅಂಕಿ ಹಿಡಿದು ವಾದಿಸಬೇಡಿ.

ಗಾಯಗೊಂಡವನ ಬದಲು ಬೇರೆ ತಂಡದ ರೈಡರ್‌ನನ್ನು ಒಂದು ಪಂದ್ಯಕ್ಕೆ ‘ಗೆಸ್ಟ್’ ಆಗಿ ಕರೆಸುವುದು ಬ್ರಿಟನ್ನಿನ ಹಳೆಯ ಪದ್ಧತಿ, ಅಷ್ಟೇ ಹಳೆಯ ಜಗಳ ಕೂಡ. ಸಾಮಾನ್ಯವಾಗಿ ಗೆಸ್ಟ್‌ನ ಸರಾಸರಿ ಇಲ್ಲದವನ ಸರಾಸರಿಯನ್ನು ಮೀರಬಾರದು. ಇನ್ನೊಂದು ದಾರಿ ಅವನ ಹೀಟ್‌ಗಳನ್ನು ಸಹ ಆಟಗಾರರಿಗೇ ಹಂಚುವುದು. ನಿನ್ನೆ ಎದುರಾಳಿಯಾಗಿದ್ದವನಿಗೆ ಇಂದು ಚಪ್ಪಾಳೆ ತಟ್ಟಬೇಕೆಂದರೆ ತಂಡದ ಮೇಲಿನ ಪ್ರೀತಿಗೆ ಅರ್ಥವೇನು ಎಂದು ಅಭಿಮಾನಿಗಳು ಕೇಳುವುದರಲ್ಲಿ ಹುರುಳಿದೆ.

ಪೋಲೆಂಡಿನ ಅಗ್ರ ಲೀಗ್ ಎಕ್ಸ್‌ಟ್ರಾಲಿಗಾದಲ್ಲಿ ವಯಸ್ಸಿಗೆ ಮಹತ್ವ. ಜೆರ್ಸಿ ಸಂಖ್ಯೆ 6, 7 ಮತ್ತು 14, 15 ಜೂನಿಯರ್‌ಗಳದು, ಎರಡನೇ ಹೀಟ್ ಅವರ ನಡುವೆಯೇ ನಡೆಯುತ್ತದೆ. 21 ತುಂಬುವ ವರ್ಷದ ಕೊನೆಯವರೆಗೆ ಒಬ್ಬ ಜೂನಿಯರ್ ಆಗಿಯೇ ಉಳಿಯುತ್ತಾನೆ, ಹುಟ್ಟುಹಬ್ಬದ ದಿನ ಲೆಕ್ಕಕ್ಕಿಲ್ಲ. ಎರಡನೇ ಹೀಟ್ 5-1 ಆದರೆ ಇಡೀ ಪಂದ್ಯದ ದಿಕ್ಕು ಬದಲಾಗುವುದನ್ನು ಎಷ್ಟೋ ಸಲ ಕಾಣಬಹುದು.

ದೇಶದ ಪ್ರಶ್ನೆ ಬಂದಾಗ ಎರಡು ಕಾಗದ ಬೇರೆ ಬೇರೆ ನೋಡಿ: ಪೌರತ್ವ, ಮತ್ತು ಲೈಸೆನ್ಸ್ ಕೊಟ್ಟ ಒಕ್ಕೂಟ. 2021ರ ವಿಶ್ವ ಚಾಂಪಿಯನ್ ಆರ್ತ್ಯೋಮ್ ಲಗುಟಾ ಅವರಿಗೆ, ಯುಕ್ರೇನ್ ಯುದ್ಧದ ನಂತರ ರಷ್ಯಾದ ರೈಡರ್‌ಗಳ ಮೇಲೆ ಬಿದ್ದ ನಿಷೇಧದಿಂದ, 2022ರಲ್ಲಿ ಪಟ್ಟ ಉಳಿಸಿಕೊಳ್ಳುವ ಅವಕಾಶವೇ ಸಿಗಲಿಲ್ಲ. ಪೋಲೆಂಡಿನ ಪೌರತ್ವವೂ ಇದ್ದ ಅವರು ಮತ್ತು ಎಮಿಲ್ ಸೈಫುದ್ದಿನೊವ್ 2023ರಲ್ಲಿ ಪೋಲಿಷ್ ಲೈಸೆನ್ಸ್ ಪಡೆದು ಲೀಗಿಗೆ ಮರಳಿದರು. ಲೀಗ್ ತೆರೆದ ಬಾಗಿಲು ವಿಶ್ವ ಚಾಂಪಿಯನ್‌ಷಿಪ್ಪಿನದಲ್ಲ ಎನ್ನುವುದನ್ನು ಬೇರ್ಪಡಿಸದೆ ಈ ಚರ್ಚೆಗೆ ಇಳಿಯಬಾರದು.

ಗ್ರ್ಯಾನ್ ಪ್ರಿ ಲೆಕ್ಕ

16 ರೈಡರ್, 20 ಹೀಟ್, ಒಬ್ಬೊಬ್ಬರಿಗೆ 5 ಓಟ. ಪ್ರತಿ ಓಟದಲ್ಲಿ ಮೂವರು ಎದುರಾಳಿಗಳು, ಐದು ಮೂರಲಿ ಹದಿನೈದು. ಹಾಗಾಗಿ ಪ್ರತಿಯೊಬ್ಬರೂ ಉಳಿದ 15 ಮಂದಿಯನ್ನು ಒಂದೊಂದು ಸಲ ಎದುರಿಸುತ್ತಾರೆ. 2015ರಲ್ಲಿ ವಾರ್ಸಾದ ಪಂದ್ಯ ಸ್ಟಾರ್ಟ್ ಗೇಟ್ ಕೆಟ್ಟು 12 ಹೀಟ್‌ಗಳಿಗೇ ನಿಂತಿತು. ಆ ಹೊತ್ತಿಗೆ ಎಲ್ಲರೂ ಸರಿಯಾಗಿ ಮೂರು ಮೂರು ಓಟ ಮುಗಿಸಿದ್ದರು, ಅಲ್ಲಿಯ ಅಂಕವೇ ಫಲವಾಯಿತು, ಮಾಟೆಯ್ ಜಾಗರ್ ವಿಜೇತರಾದರು. ಟಿಕೆಟ್ ಕೊಂಡು ಬಂದವರ ಸಿಟ್ಟು ನ್ಯಾಯವಾದದ್ದೇ.

2020ರಿಂದ ಚಾಂಪಿಯನ್‌ಷಿಪ್ ಅಂಕ ಸ್ಥಾನದ ಮೇಲೆ: ವಿಜೇತರಿಗೆ 20, ನಂತರ 18, 16, 14, 12, ಆಮೇಲೆ 11ರಿಂದ ಒಂದೊಂದೇ ಕಡಿಮೆ. ಅದಕ್ಕೂ ಮೊದಲು ಹೀಟ್‌ಗಳಲ್ಲಿ ಗಳಿಸಿದ ಅಂಕವೇ ಸೇರುತ್ತಿತ್ತು. ಇಡೀ ರಾತ್ರಿ ಚೆನ್ನಾಗಿ ಓಡಿ ಕೊನೆಯಲ್ಲಿ ಜಾರಿದವನಿಗೆ ಹಳೆಯದು ಅನುಕೂಲ, ಫೈನಲ್ ಗೆಲ್ಲುವವನಿಗೆ ಹೊಸದು. 2025ರಿಂದ 20 ಹೀಟ್‌ಗಳ ನಂತರ ಮೊದಲಿಬ್ಬರು ನೇರ ಫೈನಲ್‌ಗೆ, ಮುಂದಿನ 8 ಮಂದಿ ಎರಡು ‘ಕೊನೆಯ ಅವಕಾಶ’ದ ಹೀಟ್‌ಗಳಿಗೆ. ಅಲ್ಲಿ ಗೆದ್ದ ಒಬ್ಬೊಬ್ಬರಿಗೆ ಮಾತ್ರ ಫೈನಲ್. ಆ ವರ್ಷ ಬಾರ್ತೋಶ್ ಜ್ಮಾರ್ಜ್ಲಿಕ್ ತಮ್ಮ ಆರನೇ ಪ್ರಶಸ್ತಿ ಗೆದ್ದದ್ದು ಬ್ರೇಡಿ ಕರ್ಟ್ಜ್‌ಗಿಂತ ಒಂದೇ ಒಂದು ಅಂಕ ಮುಂದಿದ್ದು.

ಅದೇ ಜ್ಮಾರ್ಜ್ಲಿಕ್ 2023ರಲ್ಲಿ ಡೆನ್ಮಾರ್ಕಿನ ವೊಯೆನ್ಸ್‌ನಲ್ಲಿ ಅರ್ಹತಾ ಅಭ್ಯಾಸಕ್ಕೆ ನಿಯಮಕ್ಕೆ ಒಪ್ಪದ ರೇಸ್ ಸೂಟ್ ಧರಿಸಿದ್ದಕ್ಕೆ ಇಡೀ ಪಂದ್ಯದಿಂದಲೇ ಹೊರಬಿದ್ದರು. ತಪ್ಪು ನಡೆದದ್ದು ನಿಜ, ನಿಯಮ ಬರೆದಿದ್ದೂ ನಿಜ. ಆದರೂ ಬಟ್ಟೆಯ ತಪ್ಪಿಗೆ ದಂಡ ಸಾಕಾಗಿತ್ತು ಎನ್ನುವವರ ಪಕ್ಷವೇ ನಮಗೆ ಹೆಚ್ಚು ಸರಿ ಅನ್ನಿಸುತ್ತದೆ. ಕೊನೆಗೆ ಟೊರುನ್‌ನಲ್ಲಿ ಪ್ರಶಸ್ತಿ ಅವರಿಗೇ ಬಂತು.

ಋತುವಿಡೀ ಎರಡು ಕಾಲಂ ಇಟ್ಟುಕೊಂಡರೆ ಇಂಥ ಚರ್ಚೆಗೆ ಆಧಾರ ಸಿಗುತ್ತದೆ. ಒಂದರಲ್ಲಿ ಹೀಟ್‌ಗಳಲ್ಲಿ ಗಳಿಸಿದ ಅಂಕ, ಇನ್ನೊಂದರಲ್ಲಿ ಅಧಿಕೃತ ಅಂಕ. ಮೊಟ್ಟಮೊದಲ ವಿಶ್ವ ಫೈನಲ್‌ಗೇ, 1936ರ ವೆಂಬ್ಲಿಗೇ, ಇದನ್ನು ಹಚ್ಚಿ ನೋಡಿ. ಬ್ಲೂಯಿ ವಿಲ್ಕಿನ್ಸನ್ ಐದಕ್ಕೆ ಐದೂ ಗೆದ್ದು 15 ಅಂಕ ಗಳಿಸಿದರು. ಆದರೆ ಅರ್ಹತಾ ಹಂತದ ಪಂದ್ಯಗಳಿಂದ ತಂದ ಬೋನಸ್ ಅಂಕ ಸೇರಿಸಿದಾಗ ಅವರದು 25, ಲಯನಲ್ ವಾನ್ ಪ್ರಾಗ್ ಮತ್ತು ಎರಿಕ್ ಲ್ಯಾಂಗ್ಟನ್ ಅವರದು 26. ಅವರಿಬ್ಬರ ನಡುವಿನ ನಿರ್ಣಾಯಕ ಓಟದಲ್ಲಿ ವಾನ್ ಪ್ರಾಗ್ ಗೆದ್ದರು. ಅಂದು ಒಂದೂ ಹೀಟ್ ಸೋಲದ ವಿಲ್ಕಿನ್ಸನ್ ಮೂರನೆಯವರಾದರು, ಚಾಂಪಿಯನ್ ಆಗಲು 1938ರವರೆಗೆ ಕಾಯಬೇಕಾಯಿತು.