ಗವರ್ನರ್ ಹೆಸರೆತ್ತದೆ ಓಟು ಕೇಳಿದ್ದು: ವರ್ಜೀನಿಯಾದಲ್ಲಿ ನನ್ನ ಅನುಭವ
2023ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಆಗಿನ ಗವರ್ನರ್ ಗ್ಲೆನ್ ಯಂಗ್‌ಕಿನ್ ಚುನಾವಣೆಗೆ ನಿಂತಿರಲಿಲ್ಲ. ಆದರೆ ನವೆಂಬರ್ 7ಕ್ಕೆ ರಾಜ್ಯದ ಶಾಸನಸಭೆಯ ಎರಡೂ ಸದನಗಳ ಅಷ್ಟೂ 140 ಸೀಟಿಗೆ ಓಟು ಇತ್ತು. ಇಲ್ಲಿನ ಗವರ್ನರ್ ನಮ್ಮ ರಾಜಭವನದವರ ಹಾಗಲ್ಲ, ಜನರೇ ಗೆಲ್ಲಿಸಿದ ಮುಖ್ಯಮಂತ್ರಿ ಇದ್ದಂತೆ. ಗರ್ಭಪಾತಕ್ಕೆ 15 ವಾರಗಳ ಮಿತಿ ತರಬೇಕು ಅಂತ ಅವರು ಹೊರಟಿದ್ದರು. ಕೆಳಮನೆ ಅವರ ರಿಪಬ್ಲಿಕನ್ ಪಕ್ಷದ ಕೈಲೇ ಇತ್ತು. ಎದುರು ಪಕ್ಷವಾದ ಡೆಮಾಕ್ರಟರ ಬಳಿ ಇದ್ದಿದ್ದು ಮೇಲ್ಮನೆ, ಅಂದರೆ ಸೆನೆಟ್ ಒಂದೇ. ಅದೂ ಹೋದರೆ ತಡೆಯೋರೇ ಇಲ್ಲ. ಹಾಗಾಗಿ ಲೌಡನ್ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದಂತೆ) ಡೆಮಾಕ್ರಟರ ಪರ ಮನೆ ಮನೆಗೆ ಹೋಗುವ ತಂಡ ಸೇರಿಕೊಂಡೆ.

ಯಾವ ಮನೆಗೆ ಹೋಗಬೇಕು ಅನ್ನೋ ಪಟ್ಟಿ ಫೋನಿಗೇ ಬರುತ್ತದೆ. ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು, ಕ್ಯಾಮೆರಾದಲ್ಲಿ ಮುಖ ಕಾಣಬೇಕಲ್ಲ. ಯಾರೂ ಇಲ್ಲದಿದ್ದರೆ ಕರಪತ್ರವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಬರುವುದು. ಅಂಚೆ ಡಬ್ಬಿಗೆ ಹಾಕುವಂತಿಲ್ಲ, ಕಾನೂನೇ ಬಿಡುವುದಿಲ್ಲ.

ಅರ್ಧ ಜನರದ್ದು ಒಂದೇ ಪ್ರಶ್ನೆ: "ಚುನಾವಣೆ ಮುಂದಿನ ವರ್ಷ ಅಲ್ವಾ?" ಜೊತೆಗೆ ಕ್ಷೇತ್ರಗಳ ಗಡಿ ಬೇರೆ ಬದಲಾಗಿತ್ತು. ತಮ್ಮ ಅಭ್ಯರ್ಥಿ ಯಾರು ಅನ್ನೋದೇ ಹಲವರಿಗೆ ಗೊತ್ತಿರಲಿಲ್ಲ.

ಒಂದು ಕನ್ನಡದವರ ಮನೆಯಲ್ಲಿ ಮೈಸೂರಿನಿಂದ ಬಂದಿದ್ದ ಅಮ್ಮ ಬಾಗಿಲು ತೆಗೆದರು. "ಮಗಳು ಮೀಟಿಂಗಲ್ಲಿದ್ದಾಳೆ, ಕೂತ್ಕೋಮ್ಮ, ಕಾಫಿ ಮಾಡ್ತೀನಿ." ಲೋಟ ಖಾಲಿಯಾಗುವಷ್ಟರಲ್ಲಿ ಮಗಳು ಬಂದಳು. "ಗವರ್ನರ್ ಒಳ್ಳೇವ್ರೇ ಅಲ್ವಾ ಅಕ್ಕ? ದಿನಸಿ ಮೇಲಿನ ಟ್ಯಾಕ್ಸ್ ಇಳಿಸಿದ್ರಲ್ಲ?" ನಾನು ವಾದಕ್ಕೆ ಇಳಿಯಲಿಲ್ಲ. ಇಳಿಸಿದ್ದು ನಿಜ. "ಅವ್ರು ಹೇಗೂ ಇನ್ನೆರಡು ವರ್ಷ ಇರ್ತಾರೆ. ಈ 15 ವಾರದ ಕಾನೂನು ಬೇಕಾ ಬೇಡ್ವಾ, ಅಷ್ಟು ಹೇಳು" ಅಂದೆ. ಬೇಡ ಅಂದಳು. ಸೆಪ್ಟೆಂಬರ್ 22ರಿಂದಲೇ ಓಟು ಹಾಕಬಹುದಿತ್ತು. ಯಾವತ್ತು ಹೋಗ್ತೀಯ ಅಂತ ಕೇಳಿ, ಶನಿವಾರ ಅಂತ ಬಾಯಿ ಬಿಡಿಸಿಯೇ ಎದ್ದೆ. ಗವರ್ನರ್ ಅವರನ್ನು ಬೈದುಕೊಂಡು ತಿರುಗಿದರೆ ಅವರನ್ನು ಇಷ್ಟಪಡುವವರ ಬಾಗಿಲು ಅಲ್ಲೇ ಮುಚ್ಚುತ್ತದೆ. ಒಂದು ಮಸೂದೆ, ಅಭ್ಯರ್ಥಿಯ ಒಂದು ಹೆಸರು, ಓಟಿಗೆ ಒಂದು ದಿನ. ಮಾತು ಇಷ್ಟಕ್ಕೇ ನಿಲ್ಲಬೇಕು.

ಸೆನೆಟ್ 21-19ರಲ್ಲಿ ಡೆಮಾಕ್ರಟರ ಬಳಿಯೇ ಉಳಿಯಿತು, ಕೆಳಮನೆಯೂ 51-49ರಲ್ಲಿ ಕೈಗೆ ಬಂತು. 15 ವಾರದ ಮಾತು ಅಲ್ಲಿಗೆ ಮುಗಿಯಿತು.

ತಡೆಯೋದು ಸರಿ, ಹೊಸ ಕಾನೂನು ತರೋದು ಬೇರೆ ಮಾತು. ಗವರ್ನರ್ ವೀಟೋ ಹಾಕಿದರೆ, ಅಂದರೆ ಮಸೂದೆ ಒಪ್ಪದೆ ತಿರುಗಿಸಿದರೆ, ಅದನ್ನು ಮೀರಲು ಎರಡೂ ಸದನದಲ್ಲಿ ಮೂರನೇ ಎರಡರಷ್ಟು ಓಟು ಬೇಕು. ಅಷ್ಟು ಬಲ ಎಲ್ಲಿತ್ತು? ರಾಜ್ಯದ ಸಂವಿಧಾನ ತಿದ್ದುಪಡಿಗೆ ಮಾತ್ರ ಅವರ ಸಹಿ ಬೇಕಿಲ್ಲ. ಸದನಗಳು ಎರಡು ಸಲ ಒಪ್ಪಬೇಕು, ನಡುವೆ ಕೆಳಮನೆಗೆ ಒಂದು ಚುನಾವಣೆ ಆಗಿರಬೇಕು, ಕೊನೆಗೆ ಜನರ ಓಟು. ಅಂದರೆ 2025ಕ್ಕೆ ಮತ್ತೆ ಬೆಲ್ ಒತ್ತುವ ಕೆಲಸ ಇತ್ತು.