ಪೂಲ್ ಹೀಟರ್ ಹೊತ್ತಿ ಹೊತ್ತಿ ಆರುತ್ತಿದೆಯಾ? ಮೊದಲು ಪಂಪ್ ಸ್ಪೀಡ್ ನೋಡಿ

ಟೆಕ್ಸಾಸ್‌ನ ಮನೆಗೆ ಬಂದ ವರ್ಷ, ಮಾರ್ಚ್ ತಿಂಗಳ ಒಂದು ಸಂಜೆ ಪೂಲ್ ಹೀಟರ್ ಆನ್ ಮಾಡಿದೆ. ಟಿಕ್ ಟಿಕ್ ಅಂದಿತು, ಭುಗ್ಗಂತ ಹೊತ್ತಿಕೊಂಡಿತು, ಅರ್ಧ ನಿಮಿಷಕ್ಕೆ ಆರಿಹೋಯಿತು. ಮತ್ತೆ ಟಿಕ್ ಟಿಕ್. ಮಕ್ಕಳು ಟವೆಲ್ ಹೊದ್ದು ಕಾಯುತ್ತಾ ಕೂತಿದ್ದರು. ಹೀಟರ್ ಕೆಟ್ಟಿರಲಿಲ್ಲ. ಕರೆಂಟ್ ಉಳಿಯಲಿ ಅಂತ ನಾನು ಪಂಪನ್ನು 1,200 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ಇಳಿಸಿದ್ದೆ, ಅಷ್ಟೇ.

ಗ್ಯಾಸ್ ಹೀಟರ್ ಒಳಗೆ ಪ್ರೆಶರ್ ಸ್ವಿಚ್ ಇರುತ್ತದೆ. ನೀರಿನ ಒತ್ತಡ ಸಾಲದಿದ್ದರೆ ಅದು ಬರ್ನರ್ ಹೊತ್ತಲು ಬಿಡುವುದಿಲ್ಲ. ಬೈಪಾಸ್ ಮಾಡಲು ಮಾತ್ರ ಹೋಗಲೇಬೇಡಿ, ಅದು ಇರುವುದೇ ನಮ್ಮ ಕ್ಷೇಮಕ್ಕೆ.

ಹಾಗಂತ ಪಂಪನ್ನು ಪೂರ್ತಿ ಸ್ಪೀಡ್‌ಗೆ, ಅಂದರೆ 3,450ಕ್ಕೆ ಏರಿಸಬೇಕಾಗಿಲ್ಲ. ಜೋರಾಗಿ ಓಡಿಸಿದರೆ ಪೂಲ್ ಬೇಗ ಬಿಸಿಯಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ, ಆದರೆ 10,000 ಗ್ಯಾಲನ್ ನೀರು 1 ಡಿಗ್ರಿ ಫ್ಯಾರನ್‌ಹೀಟ್ ಏರಬೇಕಾದರೆ ಸುಮಾರು 83,400 ಬಿಟಿಯು (ಶಾಖದ ಅಳತೆ) ಬೇಕೇ ಬೇಕು, ಅದನ್ನು ಕೊಡುವುದು ಹೀಟರ್, ಪಂಪ್ ಅಲ್ಲ. ಸ್ಪೀಡ್ ಎರಡರಷ್ಟಾದರೆ ಪಂಪ್ ಎಳೆಯುವ ಪವರ್ ಸುಮಾರು ಎಂಟರಷ್ಟಾಗುತ್ತದೆ. ಸುಮ್ನೆ ಬಿಲ್ ಜಾಸ್ತಿ.

ನಮಗೆ ಬೇಕಾಗಿರುವುದು ಹೀಟರ್ ಆರದೆ ನಿಲ್ಲುವ ಕಡಿಮೆ ಸ್ಪೀಡ್. ಫಿಲ್ಟರ್ ತೊಳೆಯಿರಿ, ನೀರಿನ ಮೇಲಿನ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯ ಎಲೆ ತೆಗೆಯಿರಿ. ಪಂಪನ್ನು 1,500ಕ್ಕೆ ಇಟ್ಟು ಹೀಟರ್ ಆನ್ ಮಾಡಿ, ಹೊತ್ತದಿದ್ದರೆ ನೂರು ನೂರು ಏರಿಸುತ್ತಾ ಹೋಗಿ, ಪ್ರತಿ ಸಲ ಒಂದೆರಡು ನಿಮಿಷ ಕಾಯಿರಿ. ಹತ್ತು ನಿಮಿಷ ಆರದೆ ಉರಿದರೆ ಆ ಸಂಖ್ಯೆಗೆ ಇನ್ನೊಂದು 200 ಸೇರಿಸಿ, ಯಾಕೆಂದರೆ ಫಿಲ್ಟರ್ ಕೊಳೆಯಾಗುತ್ತಾ ಬಂದ ಹಾಗೆ ನೀರಿನ ಹರಿವು ಇಳಿಯುತ್ತದೆ. ನಮ್ಮನೆಯಲ್ಲಿ 1,900ಕ್ಕೆ ನಿಂತಿತು, 2,100 ಇಟ್ಟಿದ್ದೇನೆ. ಪೈಪ್ ಬೇರೆಯಾದರೆ ಲೆಕ್ಕವೂ ಬೇರೆ. ಹೊತ್ತಿದ ಮಾತ್ರಕ್ಕೆ ನೀರು ಸಾಕು ಅಂತಲ್ಲ, ಮ್ಯಾನುಯಲ್‌ನಲ್ಲಿ ಕನಿಷ್ಠ ಎಷ್ಟು ಜಿಪಿಎಂ (ನಿಮಿಷಕ್ಕೆ ಎಷ್ಟು ಗ್ಯಾಲನ್ ನೀರು) ಅಂತ ಬರೆದಿರುತ್ತದೆ, ಫ್ಲೋ ಮೀಟರ್ ಇದ್ದರೆ ತಾಳೆ ನೋಡಿ. ಪೂಲ್ ಜೊತೆ ಸ್ಪಾ (ಬಿಸಿನೀರಿನ ಚಿಕ್ಕ ತೊಟ್ಟಿ) ಇದ್ದವರು ವಾಲ್ವ್ ತಿರುಗಿಸಿ ಇನ್ನೊಮ್ಮೆ ಇಷ್ಟೂ ಮಾಡಬೇಕು, ನೀರಿನ ದಾರಿಯೇ ಬೇರೆ ಅಲ್ವಾ.

ಆಮೇಲೆ ಟೈಮರ್. ಹೀಟರ್ ಓಡುವ ಹೊತ್ತು ಪೂರ್ತಿ ಈ ಸ್ಪೀಡ್ ಇರುವ ಹಾಗೆ ಪ್ರೋಗ್ರಾಂ ಮಾಡಿ. ಮೊದಲು ಹೀಟರ್ ನಿಲ್ಲಿಸಿ, ಅದಾದ ಹತ್ತು ಹದಿನೈದು ನಿಮಿಷಕ್ಕೆ ಪಂಪ್ ಸ್ಪೀಡ್ ಇಳಿಸಿ. ಒಳಗಿನ ತಾಮ್ರದ ಕೊಳವೆಗಳು ಇನ್ನೂ ಸುಡುತ್ತಿರುತ್ತವೆ, ನೀರು ಅಲ್ಲೇ ನಿಂತರೆ ಕುದಿಯುತ್ತದೆ. ಹೀಟರ್ ತಣ್ಣಗಾದ ಮೇಲೆ ಪಂಪ್ ರಾತ್ರಿಯಿಡೀ 1,200ರಲ್ಲೇ ಓಡಲಿ.