ಪಂಪ್ ಎಳೆಯುವುದನ್ನು ನಾನು ಕಲಿಸುವ ಬಗೆ

ದಾವಣಗೆರೆಯಲ್ಲಿ ಎದೆರೋಗದ ಡಾಕ್ಟರ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ಡಾಕ್ಟರು ಚೀಟಿ ಬರೆದ ಮೇಲೆ ಉಬ್ಬಸದವರಿಗೆ ಇನ್‌ಹೇಲರ್, ಅಂದರೆ ಜನ ಪಂಪ್ ಅನ್ನುವುದನ್ನು, ತಗೊಳ್ಳುವ ಬಗೆ ಕಲಿಸುವುದು ನನ್ನ ಕೆಲಸ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ರೈಸ್‌ಮಿಲ್ಲಿನ ಹಮಾಲರು, ಶಾಲೆ ಮಕ್ಕಳು ಎಲ್ಲರೂ ಬರುತ್ತಾರೆ. ತುಂಬಾ ಜನರ ಮೊದಲ ಮಾತು ಒಂದೇ: "ಪಂಪ್ ಬ್ಯಾಡ್ರಿ ಸಿಸ್ಟರ್, ಚಟ ಆಗ್ತೈತಂತೆ. ಗುಳಿಗೆನ ಕೊಡ್ರಿ."

ಆಗ ಲೆಕ್ಕ ಹೇಳುತ್ತೇನೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಔಷಧದ ದೊಡ್ಡ ಗುಳಿಗೆಯಲ್ಲಿ 4 ಮಿಲಿಗ್ರಾಂ ಇರುತ್ತದೆ. ಪಂಪ್ ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ, ಅಂದರೆ 40ರಲ್ಲಿ ಒಂದು ಪಾಲು. ಗುಳಿಗೆ ರಕ್ತ ಸೇರಿ ಮೈಯೆಲ್ಲ ಸುತ್ತುತ್ತದೆ. ಕೈ ನಡುಗುವುದು, ಎದೆ ಡವಡವ ಅನ್ನುವುದು ಅದರಿಂದಲೇ ಜಾಸ್ತಿ. ಪಂಪಿನದು ನೇರ ಶ್ವಾಸನಾಳಕ್ಕೆ ಹೋಗಿ ಕೆಲವೇ ನಿಮಿಷದಲ್ಲಿ ಉಸಿರು ಸಲೀಸಾಗುತ್ತದೆ.

ಆದರೆ ಅದು ಬಿಗಿದುಕೊಂಡ ಸ್ನಾಯುವನ್ನು ಸಡಿಲ ಮಾಡುತ್ತದೆ, ಅಷ್ಟೇ. ನಾಳದ ಒಳಗಿನ ಬಾವು ಹಾಗೇ ಇರುತ್ತದೆ. ಅದಕ್ಕೆ ಬ್ಯುಡೆಸೊನೈಡ್‌ನಂಥ ಸ್ಟಿರಾಯ್ಡ್ ಇರುವ ಪಂಪ್ ಬೇಕು. ಎಳೆದ ತಕ್ಷಣ ಏನೂ ಗೊತ್ತಾಗುವುದಿಲ್ಲ, ವಾರಗಟ್ಟಲೆ ದಿನಾ ತಗೊಂಡರೇ ಗುಣ. ಜನ ಬಿಡುವುದು ಇದನ್ನೇ! ಆರಾಮಾಗಿದ್ದೀನಲ್ಲ ಅಂತ ಬಿಡುತ್ತಾರೆ. ಆರಾಮಾಗಿರುವುದು ಅದರಿಂದಲೇ ಅಲ್ವಾ?

ಕಲಿಸುವಾಗ ನಾನು ಹೇಳುವುದಕ್ಕಿಂತ ನೋಡುವುದೇ ಹೆಚ್ಚು. "ನೀವು ದಿನಾ ಹೆಂಗ ತಗೊಂತೀರಿ, ತೋರ್ಸ್ರಿ" ಅನ್ನುತ್ತೇನೆ. ತುಟಿಯ ಸಂದಿಯಿಂದ ಬಿಳಿ ಹೊಗೆ ಹೊರಬಂದರೆ ಔಷಧ ಗಾಳಿಗೆ ಹೋಯಿತು ಎಂದೇ ಲೆಕ್ಕ. ಪಂಪ್ ಚೆನ್ನಾಗಿ ಅಲುಗಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ನಿಧಾನಕ್ಕೆ ಎಳೆಯಲು ಶುರು ಮಾಡುತ್ತಲೇ ಒತ್ತಬೇಕು. ಆಮೇಲೆ 10 ಎಣಿಸುವವರೆಗೆ ಉಸಿರು ಹಿಡಿಯಬೇಕು. ಕ್ಯಾಪ್ಸೂಲ್ ಹಾಕುವ ರೋಟಾಹೇಲರ್ ಇದಕ್ಕೆ ಉಲ್ಟಾ. ಅದನ್ನು ಜೋರಾಗಿ, ಒಂದೇ ದಮ್ಮಿಗೆ ಎಳೆಯಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾದವರಿಗೆ ಗೊಂದಲವಾಗುವುದು ಇಲ್ಲೇ.

ಒತ್ತುವುದೂ ಎಳೆಯುವುದೂ ಒಟ್ಟಿಗೆ ಕೂಡಿಬರದಿದ್ದರೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಹಾಕಿಸುತ್ತೇನೆ. ಮಕ್ಕಳಿಗಂತೂ ಬೇಕೇ ಬೇಕು. ಅದನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಬೇಕು. ಬಟ್ಟೆಯಿಂದ ತಿಕ್ಕಿದರೆ ಪ್ಲಾಸ್ಟಿಕ್ಕಿಗೆ ಕರೆಂಟಿನ ಸೆಳೆತ ಬಂದು ಔಷಧ ಅದಕ್ಕೇ ಅಂಟಿಕೊಳ್ಳುತ್ತದೆ.

ಪಂಪ್ ಎಳೆದರೂ ಉಸಿರು ಸರಿಹೋಗದೆ, ಒಂದು ವಾಕ್ಯ ಪೂರ್ತಿ ಮಾತಾಡಲೂ ಆಗದಿದ್ದರೆ ಮನೆಯಲ್ಲಿ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಇದನ್ನು ಮನೆಯವರಿಗೂ ಹೇಳಿ ಕಳಿಸುತ್ತೇನೆ.

ಸ್ಟಿರಾಯ್ಡ್ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಗೆ ಮೇಲೆ ಬಿಳಿ ಬೂಷ್ಟು ಬರಬಹುದು. ಅದಕ್ಕೇ ಪಂಪನ್ನು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಡಿಸುತ್ತೇನೆ. ಮೊದಲು ಪಂಪ್, ಆಮೇಲೆ ಬ್ರಷ್. ಮರೆಯುವ ಮಾತೂ ಇಲ್ಲ, ಬಾಯಿಯೂ ತೊಳೆದಂತಾಯಿತು.